ಹದಿಹರೆಯದವರಿಗೆ ಸತ್ಯದ ಪಾಠ

ಕ್ರೈಸ್ತ ಮನೆಗಳ ಮಕ್ಕಳು ದಶಾಜ್ಞೆಗಳನ್ನು ಮೊದಲು ಕಲಿಯುವುದು ಬಾಯಿಪಾಠದಿಂದ. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಕೂಡದೆಂಬ ಆಜ್ಞೆ ಕಥೋಲಿಕರ ಮತ್ತು ಲೂಥರನ್ ಸಭೆಗಳವರ ಎಣಿಕೆಯಲ್ಲಿ ಎಂಟನೆಯದು, ಉಳಿದ ಪ್ರಾಟೆಸ್ಟೆಂಟರ ಎಣಿಕೆಯಲ್ಲಿ ಒಂಬತ್ತನೆಯದು. ಅಂಕೆ ಬೇರೆಯಾದರೂ ಪಾಠದ ರೀತಿ ಬಹುಮಟ್ಟಿಗೆ ಒಂದೇ: ಸುಳ್ಳು ಹೇಳಬೇಡ, ಪರೀಕ್ಷೆಯಲ್ಲಿ ನಕಲು ಮಾಡಬೇಡ, ಅಂಗಡಿಯವನು ಮರೆತು ಹೆಚ್ಚು ಚಿಲ್ಲರೆ ಕೊಟ್ಟರೆ ಹಿಂದಿರುಗಿಸು. ಎಂಟು ವರ್ಷದ ಮಗುವಿಗೆ ಇಷ್ಟು ಸಾಕು. ಹದಿನೈದು ತುಂಬಿದವರಿಗೆ ಸಾಲದು. ಆ ವಯಸ್ಸಿನವರು ಹಿರಿಯರ ಮಾತಿಗಿಂತ ಹಿರಿಯರ ನಡತೆಯನ್ನು ಹೆಚ್ಚು ಲಕ್ಷ್ಯವಿಟ್ಟು ಓದುತ್ತಾರೆ. ಭಾನುವಾರ ದೇವಾಲಯದಲ್ಲಿ ಸತ್ಯದ ಮೇಲಿನ ಪ್ರಸಂಗಕ್ಕೆ ತಲೆದೂಗಿದ ತಂದೆ, ಸೋಮವಾರ ಸಾಲ ಕೊಟ್ಟವರು ಬಾಗಿಲು ತಟ್ಟಿದಾಗ, ತಾನು ಮನೆಯಲ್ಲಿಲ್ಲವೆಂದು ಹೇಳಲು ಮಗನನ್ನೇ ಕಳುಹಿಸಿದರೆ, ಆ ವಾರದ ಪಾಠ ಅಲ್ಲಿಗೆ ಮುಗಿಯಿತು.

ಸತ್ಯವೇದವನ್ನೇ ತೆರೆದು ಪ್ರಶ್ನಿಸುವ ಜಾಣರೂ ಅವರಲ್ಲಿರುತ್ತಾರೆ. ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂದು ಫರೋಹನು ಆಜ್ಞಾಪಿಸಿದಾಗ ಸೂಲಗಿತ್ತಿಯರು ಕೂಸುಗಳನ್ನು ಉಳಿಸಿದರು, ಅರಸನಿಗೆ ನೆಪ ಹೇಳಿದರು. ದೇವರು ಅವರಿಗೆ ಒಳ್ಳೆಯದನ್ನು ಮಾಡಿದನೆಂದು ವಿಮೋಚನಕಾಂಡವೇ ಹೇಳುತ್ತದೆ. ಹಾಗಾದರೆ ಆಜ್ಞೆಯ ಗತಿಯೇನು? ಸಂತ ಅಗಸ್ತೀನನು ಸುಳ್ಳಿನ ವಿಷಯವಾಗಿ ಎರಡು ಗ್ರಂಥಗಳನ್ನೇ ಬರೆದ. ಯಾವ ಕಾರಣಕ್ಕೂ ಸುಳ್ಳು ಸಲ್ಲದೆಂಬುದು ಅವನ ಪಕ್ಷ. ಸೂಲಗಿತ್ತಿಯರಿಗೆ ದೊರೆತ ಫಲ ಅವರ ದಯೆಗಾಗಿ, ಸುಳ್ಳಿಗಾಗಿ ಅಲ್ಲವೆಂದು ಅವನ ಸಮಾಧಾನ. ಸಮಾಧಾನ ಚೆನ್ನಾಗಿದೆ. ಆದರೆ ಬಾಗಿಲಲ್ಲಿ ಪೊಲೀಸರು ನಿಂತಿರುವಾಗ, ದಯೆಯನ್ನೂ ಸುಳ್ಳನ್ನೂ ಹೀಗೆ ಬೇರೆಬೇರೆಯಾಗಿ ತೂಗಲು ವ್ಯವಧಾನವಿರುತ್ತದೆಯೇ ಎಂದು ಹುಡುಗನೊಬ್ಬ ಕೇಳಿದರೆ ಉಪಾಧ್ಯಾಯರು ಗದರಿಸಿ ಕೂರಿಸಬಾರದು. ಈ ಪ್ರಶ್ನೆಯನ್ನು ಬದುಕಿನಲ್ಲೇ ಎದುರಿಸಿದ ಒಂದು ಊರಿನ ವೃತ್ತಾಂತವನ್ನು ಅವನ ಮುಂದಿಡಬೇಕು.

ಆ ಊರು ಫ್ರಾನ್ಸಿನ ದಕ್ಷಿಣಭಾಗದ ಬೆಟ್ಟಸೀಮೆಯಲ್ಲಿರುವ ಲ ಶಾಂಬೊಂ. ಕಥೋಲಿಕರೇ ಹೆಚ್ಚಾಗಿರುವ ದೇಶದಲ್ಲಿ ಅದು ಹ್ಯೂಗೆನೋ ಎಂಬ ಪ್ರಾಟೆಸ್ಟೆಂಟರ ಹಳೆಯ ನೆಲೆ. ಅರಸರ ಕಿರುಕುಳವನ್ನು ತಲೆಮಾರುಗಳವರೆಗೆ ಉಂಡ ಜನ. ಅಲ್ಲಿಯ ಸಭಾಪಾಲಕ ಆಂದ್ರೆ ತ್ರೊಕ್ಮೆ, ಅವರ ಸಹೋದ್ಯೋಗಿ ಎದುವಾರ್ ತೇಸ್. ಇವರಿಬ್ಬರೂ 1938ರಲ್ಲಿ ಅಲ್ಲೊಂದು ಪ್ರೌಢಶಾಲೆಯನ್ನು ತೆರೆದರು. 1940ರಲ್ಲಿ ಫ್ರಾನ್ಸ್ ಜರ್ಮನರಿಗೆ ಸೋತು, ಮಾರ್ಷಲ್ ಪೆತಾಂ ನೇತೃತ್ವದ ವಿಶೀ ಸರಕಾರ ಬಂದಿತು. ಬೇಟೆಗೊಳಗಾದ ಯೆಹೂದ್ಯರು ಒಬ್ಬೊಬ್ಬರಾಗಿ ಬೆಟ್ಟ ಹತ್ತಿ ಬಂದರು. ಊರಿನವರು ಬಾಗಿಲು ತೆರೆದರು.

1942ರ ಆಗಸ್ಟಿನಲ್ಲಿ ಆ ಸರಕಾರದ ಯುವಜನ ಇಲಾಖೆಯ ಮುಖ್ಯಸ್ಥ ಲಾಮಿರಾಂ ಊರಿಗೆ ಬಂದ. ಪ್ಯಾರಿಸ್ಸಿನಲ್ಲಿ ಸಾವಿರಾರು ಯೆಹೂದ್ಯರನ್ನು ಮಕ್ಕಳುಮರಿ ಸಹಿತ ಹಿಡಿದೊಯ್ದು ಒಂದು ತಿಂಗಳೂ ಆಗಿರಲಿಲ್ಲ. ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವನ ಕೈಗೆ ಒಂದು ಪತ್ರ ಕೊಟ್ಟರು. ತಮ್ಮ ನಡುವೆ ಯೆಹೂದ್ಯರಿದ್ದಾರೆ. ಅವರನ್ನು ತಾವು ಬೇರೆಯಾಗಿ ಎಣಿಸುವುದಿಲ್ಲ, ಅದು ಸುವಾರ್ತೆಗೆ ವಿರುದ್ಧ. ಅವರನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದರೆ ಅದನ್ನು ಮೀರುವಂತೆ ಹೇಳಿ, ಕೈಲಾದಮಟ್ಟಿಗೆ ಅಡಗಿಸಿಡುತ್ತೇವೆ. ಇದು ಪತ್ರದ ತಾತ್ಪರ್ಯ. ಕೇಳುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಡಗಿಸಿಡುವವರು ಅಡಗಿಸಿಡುತ್ತೇವೆಂದು ಮುಂಚಿತವಾಗಿ ಅಧಿಕಾರಿಯ ಮುಖಕ್ಕೇ ಹೇಳಿಬಿಟ್ಟರು! ಚತುರರಾದ ಹಿರಿಯರು ಇಂಥ ಪತ್ರವನ್ನು ಬರೆಯಲು ಬಿಡುತ್ತಿರಲಿಲ್ಲ. ಕೆಲವು ವಾರಗಳಲ್ಲೇ ಪೊಲೀಸರು ಬಸ್ಸುಗಳನ್ನು ತಂದರು. ಬಹುತೇಕ ಬರಿಬಸ್ಸುಗಳೇ ಹಿಂದಿರುಗಿದವು.

ಆದರೆ ಅಡಗಿಸಿಡಲು ಹುಸಿ ಗುರುತಿನ ಚೀಟಿಗಳು ಬೇಕಾಗಿದ್ದವು. ಹೆಸರು, ಹುಟ್ಟೂರು, ಎಲ್ಲವೂ ಸುಳ್ಳು. ತ್ರೊಕ್ಮೆಯವರ ಪತ್ನಿ ಮಗ್ದಾ ಅವರಿಗೆ ಈ ಕೆಲಸ ಸುಲಭವಾಗಿರಲಿಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ಫಿಲಿಪ್ ಹ್ಯಾಲಿ ಈ ಊರನ್ನು ಕುರಿತ ತಮ್ಮ ಪುಸ್ತಕವನ್ನು ಪ್ರಕಟಿಸಿದ್ದು 1979ರಲ್ಲಿ. ಅವರೊಡನೆ ಮಾತನಾಡುವಾಗಲೂ, ಅಷ್ಟು ವರ್ಷಗಳ ಮೇಲೆ, ಆ ಸುಳ್ಳುಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆಂದೇ ಆಕೆ ಹೇಳಿದ್ದುಂಟು. ಜೀವ ಉಳಿಸಿದ ಸುಳ್ಳು ಕೂಡ ಅವರ ಪಾಲಿಗೆ ಸತ್ಯವಾಗಿಬಿಡಲಿಲ್ಲ. ಹದಿಹರೆಯದವರಿಗೆ ತಿಳಿಸಬೇಕಾದದ್ದು ಈ ಭಾರವನ್ನು. ಸಣ್ಣ ಸುಳ್ಳನ್ನು ಹಗುರವಾಗಿ ಆಡಿ, 'ಕಾಲವೇ ಹಾಗಿದೆ' ಎಂದು ನಗುವ ನಮ್ಮ ಅಭ್ಯಾಸಕ್ಕೂ ಆ ಮಹಿಳೆಯ ನಡೆಗೂ ಇರುವ ಅಂತರ ಅವರಿಗೆ ತಾನೇ ಕಾಣುತ್ತದೆ.

1943ರ ಫೆಬ್ರವರಿಯಲ್ಲಿ ತ್ರೊಕ್ಮೆ, ತೇಸ್ ಮತ್ತು ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯ ರೊಜೆ ದಾರ್ಸಿಸಾಕ್ ಮೂವರೂ ಬಂಧಿತರಾಗಿ ಶಿಬಿರವೊಂದನ್ನು ಸೇರಿದರು. ಮಾರ್ಚಿಯಲ್ಲಿ ಬಿಡುಗಡೆಯ ಅಪ್ಪಣೆ ಬಂತು. ಮಾರ್ಷಲರ ಸರಕಾರದ ಆಜ್ಞೆಗಳನ್ನು ಪಾಲಿಸುತ್ತೇವೆಂಬ ಮುಚ್ಚಳಿಕೆಗೆ ಸಹಿ ಹಾಕಿ ಹೊರಡಬೇಕು, ಅಷ್ಟೆ. ದಾರ್ಸಿಸಾಕ್ ಸಹಿ ಹಾಕಿದರು, ಸರಕಾರಿ ನೌಕರ. ಸಭಾಪಾಲಕರಿಬ್ಬರೂ ಹಾಕಲಿಲ್ಲ. ಊರಿಗೆ ಹೋದೊಡನೆ ಆ ಆಜ್ಞೆಗಳನ್ನು ಮೀರುವವರೇ ತಾವು. ಉಳಿಸಿಕೊಳ್ಳಲಾರದ ಮಾತನ್ನು ಕೊಡುವುದು ಹೇಗೆ? ಊರೆಲ್ಲ ಹುಸಿ ಚೀಟಿಗಳು ಓಡಾಡುತ್ತಿದ್ದಾಗ, ತಮ್ಮ ಹೆಸರಿನ ಒಂದು ಸಹಿಗೆ ಅವರು ಬಿಡುಗಡೆಯನ್ನೇ ಬೆಲೆಯಾಗಿ ತೆರಲು ಸಿದ್ಧರಾದರು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗಬೇಕು: ಕೊಟ್ಟ ಮಾತಿಗೆ ಪ್ರಾಣವನ್ನೇ ಒತ್ತೆಯಿಡುವವರು ಮಾತು ಕೊಡುವಲ್ಲಿ ಬಲು ಜಿಪುಣರಾಗಿರುತ್ತಾರೆ. ಸಹಿಯಿಲ್ಲದೆಯೇ ಅವರನ್ನು ಬಿಡಬೇಕೆಂದು ಬಲುಬೇಗ ಮೇಲಿನಿಂದ ಆಜ್ಞೆ ಬಂದದ್ದು ಅನಿರೀಕ್ಷಿತ. ನಿರಾಕರಿಸಿದಾಗ ಅವರಿಗೆ ಅದು ತಿಳಿದಿರಲಿಲ್ಲ.

ಸಹಿ ಹಾಕಿದ ಮುಖ್ಯೋಪಾಧ್ಯಾಯರು ಅಪ್ರಾಮಾಣಿಕರೇ? ತರಗತಿಯಲ್ಲಿ ಈ ಪ್ರಶ್ನೆ ಏಳದೆ ಇರದು. ಏಳದಿದ್ದರೆ ಉಪಾಧ್ಯಾಯರೇ ಎಬ್ಬಿಸುವುದು ಒಳ್ಳೆಯದು. ಒಂದು ಬದಿಯಲ್ಲಿ ನಿಂತು ವಾದಿಸಿದವರು ಮುಂದಿನ ವಾರ ಇನ್ನೊಂದು ಬದಿಗೆ ಬಂದು ನಿಂತರೆ ಅವಸರಪಡಬಾರದು. ಯೆಹೂದ್ಯರನ್ನು ಕಾಪಾಡಿದ ಅನ್ಯಧರ್ಮೀಯರ ಹೆಸರುಗಳನ್ನು ಜೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆ ದಾಖಲಿಸಿಟ್ಟಿದೆ. ತ್ರೊಕ್ಮೆ, ತೇಸ್ ಅವರ ಹೆಸರುಗಳಿರುವ ಆ ದಾಖಲೆಯಲ್ಲಿ ದಾರ್ಸಿಸಾಕ್ ಅವರ ಹೆಸರೂ ಇದೆ.