ಹೊಗೆಸೊಪ್ಪಿನ ಹೊಲದಲ್ಲಿ ವಿದೇಶಾಂಗ ನೀತಿ

ವಿದೇಶಾಂಗ ನೀತಿ ಎಂದೊಡನೆ ಗಡಿ, ಯುದ್ಧ, ಪ್ರಧಾನಿಗಳ ಪ್ರವಾಸ ನೆನಪಾಗುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮಗೆ ಅದು ಹೊಲದಲ್ಲೇ ಇದೆ. ನಮ್ಮ ವರ್ಜೀನಿಯಾ ಹೊಗೆಸೊಪ್ಪಿನ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಜಿಂಬಾಬ್ವೆಯಲ್ಲೋ ಬ್ರೆಜಿಲಿನಲ್ಲೋ ಬೆಳೆ ಕೈಕೊಟ್ಟರೆ ನಮ್ಮ ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜಿನಲ್ಲಿ ದರ ಏರುತ್ತದೆ.

2003ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಸಹಿ ಹಾಕಿತು, 2004ರ ಫೆಬ್ರವರಿಯಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಬದುಕು ನಡೆಯುವಂಥ ಪರ್ಯಾಯಕ್ಕೆ ಸರ್ಕಾರಗಳು ಒತ್ತಾಸೆಯಾಗಬೇಕು ಎನ್ನುತ್ತದೆ ಅದರ 17ನೇ ವಿಧಿ. ಈ ಒಪ್ಪಂದ ಆರೋಗ್ಯ ಸಚಿವಾಲಯದ ಹೊಣೆ. ಆದರೆ ಸೊಪ್ಪನ್ನು ಕಾವಿನಲ್ಲಿ ಹದಮಾಡುವ ನಮ್ಮ ಬ್ಯಾರನ್‌ಗೆ ಲೈಸೆನ್ಸ್ ಕೊಡುವ, ಹರಾಜು ನಡೆಸುವ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ ಕೆಳಗಿದೆ. 1975ರ ಕಾಯ್ದೆಯ ಪ್ರಕಾರ ಉದ್ಯಮವನ್ನು ಬೆಳೆಸುವುದೇ ಅದರ ಕೆಲಸ. ಒಂದೇ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ಮಾತು ಕೊಟ್ಟು, ಗುಂಟೂರಿನ ಮಂಡಳಿಯ ಮೂಲಕ ಇನ್ನೊಂದನ್ನು ನಡೆಸುತ್ತಿದೆ.

2010ರಲ್ಲಿ ಈ ಬಿರುಕು ಬಯಲಿಗೇ ಬಂತು. ಬೆಂಗಳೂರಿನಲ್ಲಿ ಜಾಗತಿಕ ತಂಬಾಕು ಉದ್ಯಮದ ಸಮಾವೇಶಕ್ಕೆ ಮಂಡಳಿ ಪ್ರಾಯೋಜಕತ್ವ ವಹಿಸಿತ್ತು. ಇದು ಒಪ್ಪಂದಕ್ಕೆ ವಿರುದ್ಧವೆಂದು ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ ಮಂಡಳಿ ಹಿಂದೆ ಸರಿಯಿತು. ಸರ್ಕಾರ ಮಾಡಿಕೊಂಡ ಒಪ್ಪಂದವನ್ನು ಅದರದೇ ಮಂಡಳಿಗೆ ನೆನಪಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು! 2016ರ ನವೆಂಬರಿನಲ್ಲಿ ಒಪ್ಪಂದದ ದೇಶಗಳು ಗ್ರೇಟರ್ ನೋಯ್ಡಾದಲ್ಲಿ ಸೇರಿದಾಗ ಬೆಳೆಗಾರರು ಹೊರಗೆ ನಿಂತು ಪ್ರತಿಭಟಿಸಿದರು.

ಈ ಇಬ್ಬಗೆಯೂ ಒಂದು ಜಾಣತನದ ತಂತ್ರ, ಹೊರಗಿನಿಂದ ಡಾಲರ್ ತಂದು ಒಳಗೆ ಆರೋಗ್ಯ ಕಾಯುವುದು ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ತಂತ್ರವಾಗಿದ್ದರೆ ಯಾರಾದರೂ ಒಬ್ಬರು ಕೂತು ಲೆಕ್ಕ ಹಾಕಿರಬೇಕಿತ್ತು. ಇಲ್ಲಿ ಆರೋಗ್ಯದವರು ಸಹಿ ಹಾಕಿದರು, ವಾಣಿಜ್ಯದವರು ಬೆಳೆ ಹಿಡಿದುಕೊಂಡರು. ಕೃಷಿ ಸಚಿವಾಲಯ 2015-16ರಿಂದ ತನ್ನ ಬೆಳೆ ವೈವಿಧ್ಯ ಯೋಜನೆಯನ್ನು ತಂಬಾಕು ರಾಜ್ಯಗಳಿಗೂ ವಿಸ್ತರಿಸಿತು. ಮೂವರೂ ತಮ್ಮ ತಮ್ಮ ಕಡತದ ಮಟ್ಟಿಗೆ ಸರಿಯೇ.

ಇದರ ಭಾರ ಬಿದ್ದಿರುವುದು ಬ್ಯಾರನ್ ಮುಂದೆ ಕೂತವರ ಮೇಲೆ. ಸೊಪ್ಪು ಹದವಾಗುವ ಐದಾರು ದಿನ ಮನೆಯವರು ಸರದಿಯಲ್ಲಿ ನಿದ್ದೆಗೆಟ್ಟು ಸೌದೆ ಹಾಕುತ್ತಾರೆ. ಕಾವು ತುಸು ಹೆಚ್ಚುಕಡಿಮೆಯಾದರೂ ಎಲೆಯ ಬಣ್ಣ ಕೆಡುತ್ತದೆ, ಗ್ರೇಡ್ ಇಳಿಯುತ್ತದೆ. ಇಷ್ಟಾದರೂ ಅವರು ಈ ಬೆಳೆ ಬಿಡದಿರುವುದಕ್ಕೆ ಕಾರಣ ಹೊಗೆಯ ಮೇಲಿನ ಮೋಹವಲ್ಲ. ಹರಾಜಿನ ಕಟ್ಟೆ ಊರ ಹತ್ತಿರವಿದೆ, ಹಣ ಬ್ಯಾಂಕಿಗೆ ಬರುತ್ತದೆ, ಲೈಸೆನ್ಸ್ ನೋಡಿ ಸಾಲ ಸಿಗುತ್ತದೆ. ಜೋಳಕ್ಕೆ, ಶುಂಠಿಗೆ ಇಂಥ ಏರ್ಪಾಡು ಎಲ್ಲಿದೆ? ಶುಂಠಿಯ ದರ ಒಂದು ವರ್ಷ ಮುಗಿಲಿಗೇರಿ ಮರುವರ್ಷ ನೆಲಕಚ್ಚಿದ್ದನ್ನು ಈ ಸಭೆಯಲ್ಲಿ ಕೂತವರೇ ಕಂಡಿದ್ದೀರಿ.

ಆದ್ದರಿಂದ ಬೀಜ ಹಂಚಿದ ಮಾತ್ರಕ್ಕೆ ಪರ್ಯಾಯ ಆಗುವುದಿಲ್ಲ. ಬೇರೆ ಬೆಳೆಗೂ ಹರಾಜು, ಸಾಲ, ನಿಶ್ಚಿತ ದರ ಬೇಕು. ಒಪ್ಪಂದದ ಮುಂದಿನ ಸಭೆಗೆ ಭಾರತದ ನಿಯೋಗ ಹೊರಡುವ ಮೊದಲು ಮೂರೂ ಸಚಿವಾಲಯಗಳ ಅಧಿಕಾರಿಗಳು ಹುಣಸೂರಿಗೆ ಬಂದು, ಬೆಳೆಗಾರರ ಎದುರು ಒಟ್ಟಿಗೆ ಕೂತು, 17ನೇ ವಿಧಿಗೆ ಯಾರು ಎಷ್ಟು ಹಣ ಇಡುತ್ತಾರೆಂದು ಹೇಳಲಿ.