ಕುಂಡದಲ್ಲಿ ಕ್ರಿಸ್ಮಸ್ ಗುಲಾಬಿ



ಇಂಗ್ಲಿಷ್ ಪುಸ್ತಕಗಳ ಪರಿಚಯವುಳ್ಳವರಿಗೆ ಕ್ರಿಸ್ಮಸ್ ಗುಲಾಬಿ ಎಂಬ ಹೆಸರು ಹೊಸದಲ್ಲ. ಹೆಸರನ್ನು ಕೇಳಿ ಅದೊಂದು ಜಾತಿಯ ಗುಲಾಬಿಯೆಂದು ಭಾವಿಸುವುದು ಸಹಜ. ಆದರೆ ಗುಲಾಬಿಗೂ ಅದಕ್ಕೂ ಯಾವ ನಂಟೂ ಇಲ್ಲ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಹೆಲ್ಲೆಬೊರಸ್ ನೈಗರ್. ೧೭೫೩ರಲ್ಲಿ ಲಿನೇಯಸ್ ಪಂಡಿತನು ತನ್ನ ಗ್ರಂಥದಲ್ಲಿ ನಮೂದಿಸಿದ ಹೆಸರಿದು. ನೈಗರ್ ಎಂದರೆ ಕಪ್ಪು. ಹಾಲಿನಂತೆ ಬೆಳ್ಳಗಿರುವ ಹೂವಿನ ಗಿಡಕ್ಕೆ ಈ ವಿಶೇಷಣವೇಕೆಂದು ಕೇಳಿದರೆ, ನೆಲವನ್ನು ಅಗೆದು ನೋಡಬೇಕು: ಅದರ ಬೇರು ಕಪ್ಪು. ಆಲ್ಪ್ಸ್ ಪರ್ವತಗಳ ಕಾಡು ಇದರ ತವರು. ಇತರ ಗಿಡಗಳೆಲ್ಲ ನಿದ್ರಿಸುತ್ತಿರುವ ಚಳಿಗಾಲದ ನಡುವೆ, ಕೆಲವೊಮ್ಮೆ ಹಿಮದ ನಡುವೆಯೇ, ಇದು ಅರಳುತ್ತದೆ.

ಈ ಹೂವು ಬಹುಕಾಲ ನಿಲ್ಲುವುದರ ಗುಟ್ಟು ಅದರ ರಚನೆಯಲ್ಲಿದೆ. ನಾವು ಎಸಳುಗಳೆಂದು ತಿಳಿಯುವ ಐದು ಬಿಳಿಯ ಭಾಗಗಳು ನಿಜವಾದ ಎಸಳುಗಳಲ್ಲ. ಮೊಗ್ಗನ್ನು ಹೊರಗಿನಿಂದ ಕಾಪಾಡತಕ್ಕ ಪುಷ್ಪಪತ್ರಗಳೇ ಇಲ್ಲಿ ಬಣ್ಣ ತಳೆದಿವೆ. ನಿಜವಾದ ಎಸಳುಗಳು ಕುಗ್ಗಿ, ಮಕರಂದ ತುಂಬಿದ ಚಿಕ್ಕ ಕೊಳವೆಗಳಾಗಿ ಒಳಗೆ ಕುಳಿತಿವೆ. ನಮ್ಮ ಮನೆಗಳ ಮುಂದಿನ ಕಾಗದದ ಹೂವಿನ ಗಿಡದಲ್ಲಿಯೂ ಹೂವಲ್ಲದ ಎಲೆಗಳು ಬಣ್ಣ ತಳೆದು ಹೂವಿನ ಸೋಗು ಹಾಕಿರುವುದನ್ನು ನೀವು ಬಲ್ಲಿರಿ. ಕ್ರಿಸ್ಮಸ್ ಗುಲಾಬಿಯ ಪುಷ್ಪಪತ್ರಗಳು ಕಾಯಿ ಕಟ್ಟಿದ ಮೇಲೂ ಉದುರುವುದಿಲ್ಲ; ಮೆಲ್ಲನೆ ಹಸುರಾಗಿ, ಎಲೆಗಳಂತೆ ಗಿಡಕ್ಕೆ ಆಹಾರವನ್ನೇ ಒದಗಿಸುತ್ತವೆ.

ಇಂಥ ಗಿಡವನ್ನು ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಡಿಸೆಂಬರ್ ತಿಂಗಳು ಬಂತೆಂದರೆ ಕುಂಡಗಳಲ್ಲಿ ಮಾರುತ್ತಾರೆ. ಆ ದೇಶಗಳಲ್ಲಿ ನೆಲಸಿರುವ ನಮ್ಮ ಮಕ್ಕಳು, ಬಂಧುಗಳು ಕೂಡ ಅದನ್ನು ಕೊಂಡು ತಂದು ಮೇಜಿನ ಮೇಲಿಡುತ್ತಾರೆ. ಹೊರಗೆ ಕೊರೆಯುವ ಚಳಿ. ಹೂವು ಪಾಪ ನಡುಗೀತೆಂದು ಶಾಖದ ಕೊಳವೆಯ ಪಕ್ಕದಲ್ಲಿ ಅದಕ್ಕೆ ಸ್ಥಾನ ಕೊಡುತ್ತಾರೆ. ಕೆಲವೇ ದಿನಗಳಲ್ಲಿ ಹೂವು ಬಾಡುತ್ತದೆ, ಎಲೆ ಒಣಗುತ್ತದೆ, ಜನವರಿಯಲ್ಲಿ ಕುಂಡ ಕಸಕ್ಕೆ ಹೋಗುತ್ತದೆ. ತೋಟದಲ್ಲಿ ಹತ್ತಾರು ವರ್ಷ ಬಾಳಬಲ್ಲ ಗಿಡವು ಹೀಗೆ ಒಂದು ಹಬ್ಬದೊಡನೆ ಮುಗಿದುಹೋಗುತ್ತದೆ. ಅದನ್ನು ಕೊಂದದ್ದು ಅಲಕ್ಷ್ಯವಲ್ಲ, ಅಕ್ಕರೆ.

ಹಾಗಾದರೆ ಮಾಡತಕ್ಕದ್ದೇನು? ಈ ಗಿಡವನ್ನು ಮನೆಯವರಲ್ಲೊಬ್ಬರೆಂದು ಎಣಿಸದೆ, ಬಂದು ಹೋಗುವ ಅತಿಥಿಯೆಂದು ಎಣಿಸಬೇಕು. ಅದರ ಬೇರುಗಳು ಆಳಕ್ಕೆ ಇಳಿಯುವುವು; ಆದುದರಿಂದ ಕುಂಡವು ಸುಮಾರು ೩೦ ಸೆಂಟಿಮೀಟರ್ ಆಳವಾಗಿರಲಿ. ತೋಟದ ಮಣ್ಣಿಗೆ ಎಲೆಗೊಬ್ಬರವನ್ನೂ ದಪ್ಪ ಮರಳನ್ನೂ ಬೆರೆಸಬೇಕು, ನೀರು ನಿಲ್ಲಕೂಡದು. ಗಿಡದ ಬುಡದ ಮೊಳಕೆಗಳನ್ನು ಮಣ್ಣಿನಲ್ಲಿ ಹೂಳಬಾರದು. ಬೇಸಗೆಯಲ್ಲಿ ಹೊರಗಡೆ ಮರದ ನೆರಳಿನಲ್ಲಿಟ್ಟು, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಳ್ಳಬೇಕು. ಚಳಿಗಾಲದ ಮೊದಲಲ್ಲಿ ಕಲೆ ಬಿದ್ದ ಹಳೆಯ ಎಲೆಗಳನ್ನು ಕತ್ತರಿಸಿದರೆ ರೋಗವು ಮೊಗ್ಗಿಗೆ ಹರಡುವುದು ತಪ್ಪುತ್ತದೆ. ಮೊಗ್ಗು ಬಿರಿಯುವ ಹೊತ್ತಿಗೆ ಕುಂಡವನ್ನು ಒಳಗೆ ತರಬಹುದು. ಆದರೆ ಮನೆಯಲ್ಲಿ ಅತಿ ತಂಪಾದ, ಬೆಳಕುಳ್ಳ ಕಿಟಕಿಯೇ ಅದರ ಜಾಗ. ರಾತ್ರಿ ಶಾಖವಿಲ್ಲದ ಕೊಠಡಿಗೆ ಸಾಗಿಸಿದರೆ ಇನ್ನೂ ಒಳ್ಳೆಯದು. ಕೆಲವು ದಿನ ಕಣ್ಣು ತಣಿಯೆ ನೋಡಿದ ಮೇಲೆ, ತಂಪಾದ ಜಗಲಿಯ ಮೂಲಕ ಮೆಲ್ಲಮೆಲ್ಲನೆ ಹೊರಕ್ಕೆ ಕಳುಹಿಸಿಕೊಡಬೇಕು.

ಹೊರಗೆ ಹಿಮ ಕಟ್ಟಿದ ಮುಂಜಾನೆ ಅದರ ಕಾಂಡಗಳು ನೆಲಕ್ಕೆ ಒರಗಿರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಹೆಪ್ಪುಗಟ್ಟಿದ ನೀರು ಜೀವಕೋಶಗಳನ್ನು ಒಡೆಯದಂತೆ ಗಿಡವೇ ಮಾಡಿಕೊಂಡ ಉಪಾಯವದು. ಬಿಸಿಲೇರಿದಂತೆ ತಲೆ ಎತ್ತಿ ನಿಲ್ಲುತ್ತದೆ. ಆದರೆ ಕುಂಡದೊಳಗಿನ ಬೇರಿಗೆ ಭೂಮಿಯ ರಕ್ಷೆಯಿಲ್ಲವಾದ ಕಾರಣ, ಕಠಿನವಾದ ಚಳಿಯಲ್ಲಿ ಕುಂಡದ ಸುತ್ತ ಗೋಣಿಯನ್ನು ಸುತ್ತುವುದು ಯುಕ್ತ.

ಇನ್ನೊಂದು ಎಚ್ಚರಿಕೆ ಅವಶ್ಯ. ಈ ಗಿಡ ಸರ್ವಾಂಗವೂ ವಿಷ. ಪ್ರಾಚೀನ ಗ್ರೀಕರು ಹೆಲ್ಲೆಬೋರನ್ನು ಉನ್ಮಾದಕ್ಕೆ ಔಷಧವೆಂದು ಕೊಡುತ್ತಿದ್ದರು. ಆಂಟಿಸಿರಾ ಎಂಬ ಊರು ಇದಕ್ಕೇ ಹೆಸರಾಗಿತ್ತು. ಬೇರಿನ ಪುಡಿ ಸೀನು ಬರಿಸುವುದರಿಂದ ಜರ್ಮನರು ಇದನ್ನು ಸೀನುಬೇರು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುವ ಕಟುಕರೋಹಿಣಿಯನ್ನು ಹಿಂದಿನ ಕೆಲವು ಇಂಗ್ಲಿಷ್ ಗ್ರಂಥಕಾರರು ಕಪ್ಪು ಹೆಲ್ಲೆಬೋರ್ ಎಂದು ಕರೆದದ್ದುಂಟು. ಕಟುಕರೋಹಿಣಿ ಹಿಮಾಲಯದ ಬೇರೆಯೇ ಗಿಡ, ಬೇರೆಯೇ ಕುಟುಂಬದ್ದು. ಹೆಸರನ್ನು ನಂಬಿ ಒಂದರ ಬದಲು ಇನ್ನೊಂದನ್ನು ಬಾಯಿಗಿಡುವುದು ಪ್ರಾಣಾಪಾಯ. ಮಕ್ಕಳೂ ಸಾಕುಪ್ರಾಣಿಗಳೂ ಇರುವ ಮನೆಯಲ್ಲಿ ಕುಂಡವು ಎತ್ತರದಲ್ಲಿರಲಿ. ಎಲೆ ಕತ್ತರಿಸುವಾಗ ಕೈಚೀಲ ತೊಟ್ಟಿರಲಿ.

ಇದನ್ನು ನಮ್ಮೂರಿನಲ್ಲಿ ಬೆಳೆಸಬಹುದೆ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಡಿಸೆಂಬರ್ ರಾತ್ರಿಯು ಸಾಧಾರಣವಾಗಿ ೧೫-೧೬ ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿರುವುದು. ನಮಗೆ ಶಾಲು ಹೊದೆಯಲು ಅದು ಸಾಕು. ಈ ಗಿಡಕ್ಕೆ ಅದು ಚಳಿಯೇ ಅಲ್ಲ. ಅದರ ಬೀಜವು ಕೂಡ ಮೊದಲು ಬೆಚ್ಚನೆಯ ಕಾಲವನ್ನು, ಆಮೇಲೆ ನಿಜವಾದ ಚಳಿಗಾಲವನ್ನು ಕಳೆದಲ್ಲದೆ ಮೊಳೆಯುವುದಿಲ್ಲ. ಆದುದರಿಂದ ಇಲ್ಲಿಗೆ ತರಿಸುವ ಆಸೆಯನ್ನು ಬಿಟ್ಟು, ಅಲ್ಲಿರುವ ನಿಮ್ಮವರಿಗೆ ಒಂದು ಮಾತು ಬರೆಯಿರಿ: ಹೂವನ್ನು ಬೆಚ್ಚಗಿಡಬೇಡಿ, ತಣ್ಣಗಿಡಿ, ಹಬ್ಬ ಮುಗಿದ ಮೇಲೆ ಎಸೆಯಬೇಡಿ, ಮಣ್ಣಿಗೆ ಸೇರಿಸಿ. ಎಲ್ಲ ಜೀವಕ್ಕೂ ಹಿತವೆನಿಸುವುದು ಒಂದೇ ಅಲ್ಲ. ನಮಗೆ ಹಿತವಾದುದನ್ನಲ್ಲ, ಅದಕ್ಕೆ ಹಿತವಾದುದನ್ನು ಕೊಟ್ಟರೆ, ಮುಂದಿನ ಚಳಿಗಾಲದಲ್ಲಿಯೂ ಅದು ಅರಳುವುದು.