ಹೋಗಿ ಬರುತ್ತೇನೆ



ಮನೆಯಿಂದ ಹೊರಡುವಾಗ ನಾವು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತೇವೆ. ಬಾಯಿ ತಪ್ಪಿ 'ಹೋಗ್ತೀನಿ' ಎಂದರೆ ಅಜ್ಜಿಯಂದಿರು ಈಗಲೂ ಗದರುತ್ತಾರೆ. ಈ ರೂಢಿ ನಮ್ಮ ಕಡೆಯದು ಮಾತ್ರ ಎಂದು ನಾನು ತಿಳಿದಿದ್ದೆ. ಅದು ತಪ್ಪೆಂದು ಗೊತ್ತಾದದ್ದು ಜಪಾನಿನಲ್ಲಿ.

2024ರ ಜೂನ್ ತಿಂಗಳು. ನನ್ನ ಮಗಳು ಪಿ.ಯು.ಸಿ. ಮುಗಿಸಿ, ದೂರದ ಊರಿನ ವಿಶ್ವವಿದ್ಯಾನಿಲಯಕ್ಕೆ ಸೇರುವವಳಿದ್ದಳು. ಅಷ್ಟು ದೂರ ಕಳುಹಿಸಲು ನನಗೆ ಮನಸ್ಸಿರಲಿಲ್ಲ. ಬೆಂಗಳೂರಿನಲ್ಲೇ ಓದಬಹುದಲ್ಲ ಎಂದು ಎಷ್ಟೋ ಸಲ ಹೇಳಿದೆ. ಅವಳು ವಾದಿಸಲಿಲ್ಲ; ನಿರ್ಧಾರವನ್ನೂ ಬದಲಿಸಲಿಲ್ಲ. ಹೊರಡುವ ಮುನ್ನ ಆರು ದಿನ ಜೊತೆಗಿರೋಣವೆಂದು, ಕೂಡಿಟ್ಟ ಹಣದಲ್ಲಿ ತಾಯಿ ಮಗಳಿಬ್ಬರೂ ಜಪಾನಿಗೆ ಹೋದೆವು.

ಟೋಕಿಯೋದಿಂದ ಹಿರೋಶಿಮಾಕ್ಕೆ ಸುಮಾರು 800 ಕಿಲೋಮೀಟರ್. 1964ರ ಅಕ್ಟೋಬರ್ 1ರಂದು ಮೊದಲು ಓಡಿದ ಶಿಂಕಾನ್‌ಸೆನ್ ರೈಲು ಈಗ ಈ ದೂರವನ್ನು ನಾಲ್ಕು ಗಂಟೆಯಲ್ಲಿ ಕ್ರಮಿಸುತ್ತದೆ. "ಇಷ್ಟು ವೇಗದಲ್ಲಿರುವಾಗ ಭೂಕಂಪವಾದರೆ?" ಎಂದು ನಾನು ಕೇಳಿದೆ. ವಿಜ್ಞಾನ ಓದಿದವಳು ನಾನು. ಉತ್ತರ ಹೇಳಿದವಳು ಮಗಳು. ಭೂಕಂಪದಲ್ಲಿ ಮೊದಲು ತಲುಪುವುದು ವೇಗವಾದ, ಹೆಚ್ಚು ಹಾನಿ ಮಾಡದ ಪ್ರಾಥಮಿಕ ಅಲೆ. ಉಪಕರಣಗಳು ಅದನ್ನು ಗುರುತಿಸಿದೊಡನೆ ವಿದ್ಯುತ್ ಕಡಿದುಹೋಗಿ, ರೈಲಿಗೆ ತುರ್ತು ಬ್ರೇಕ್ ಬೀಳುತ್ತದೆ. 2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ ಶಿಂಕಾನ್‌ಸೆನ್ ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ.

ಹಿರೋಶಿಮಾದಲ್ಲಿ ಟ್ರಾಮ್ ಹತ್ತಿದೆವು. ಎರಡನೇ ಮಹಾಯುದ್ಧದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ, ಅಲ್ಲಿನ ಟ್ರಾಮ್ ಕಂಪೆನಿ 1943ರಲ್ಲಿ ಹುಡುಗಿಯರಿಗಾಗಿ ಶಾಲೆಯೊಂದನ್ನು ತೆರೆಯಿತು. ಹದಿನಾಲ್ಕರಿಂದ ಹದಿನೇಳರ ಬಾಲೆಯರು ಪಾಠ ಕಲಿಯುತ್ತಲೇ ಟ್ರಾಮ್ ನಡೆಸಿದರು, ಟಿಕೆಟ್ ಕೊಟ್ಟರು. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಅಣುಬಾಂಬು ಬಿತ್ತು. ಅವರಲ್ಲಿ ಹಲವರು ಸತ್ತರು. ಮೂರೇ ದಿನಗಳ ಮೇಲೆ, ಆಗಸ್ಟ್ 9ರಂದು, ಒಂದು ಸಣ್ಣ ಮಾರ್ಗದಲ್ಲಿ ಟ್ರಾಮ್ ಮತ್ತೆ ಓಡಿತು. ಕೆಲಸಕ್ಕೆ ಬಂದವರಲ್ಲಿ ಉಳಿದ ಹುಡುಗಿಯರೂ ಇದ್ದರು.

"ಅಮ್ಮಾ, ಅವರೆಲ್ಲ ನನಗಿಂತ ಚಿಕ್ಕವರು" ಎಂದಳು ಮಗಳು. ನಾನು ಏನೂ ಹೇಳಲಿಲ್ಲ. ಬೆಂಗಳೂರಿನ ಮಾತನ್ನು ಮತ್ತೆ ಎತ್ತಲೂ ಇಲ್ಲ.

ನಾವು ತಂಗಿದ್ದ ಪುಟ್ಟ ವಸತಿಗೃಹದ ಒಡತಿ, ಬೆಳಿಗ್ಗೆ ಹೊರಟವರಿಗೆಲ್ಲ 'ಇತ್ತೆರಶ್ಶಾಯ್' ಎನ್ನುತ್ತಿದ್ದರು. ಅರ್ಥ, 'ಹೋಗಿ ಬನ್ನಿ'. ಹೊರಡುವವರು ಹೇಳಬೇಕಾದದ್ದು 'ಇತ್ತೆ ಕಿಮಾಸ್'. 'ಇತ್ತೆ' ಎಂದರೆ ಹೋಗಿ, 'ಕಿಮಾಸ್' ಎಂದರೆ ಬರುತ್ತೇನೆ. ಪದಗಳ ಕ್ರಮವೂ ಕನ್ನಡದ್ದೇ! ನಮಗೆಲ್ಲ ಪರಿಚಿತವಾದ 'ಸಯೋನಾರಾ'ದ ಮೂಲಾರ್ಥ 'ಹಾಗಿದ್ದರೆ' ಎಂದಷ್ಟೆ. ದಿನವೂ ಮನೆಯಿಂದ ಹೊರಡುವಾಗ ಜಪಾನೀಯರು ಅದನ್ನು ಬಳಸುವುದಿಲ್ಲ.

ಮುಂದಿನ ತಿಂಗಳು ರೈಲು ನಿಲ್ದಾಣದಲ್ಲಿ ಮಗಳು ಕಿಟಕಿಯಿಂದ ಕೈ ಚಾಚಿ, 'ಇತ್ತೆ ಕಿಮಾಸ್' ಎಂದಳು. ತಡವರಿಸುತ್ತಲೇ ಉತ್ತರ ಕೊಟ್ಟೆ. ಅಳು ಬರಲಿಲ್ಲವೆಂದರೆ ಸುಳ್ಳಾದೀತು.

ನಿಮ್ಮಲ್ಲೂ ಹಲವರು ಓದಿಗಾಗಿ ಊರು ಬಿಡುವವರಿದ್ದೀರಿ. ಕಳುಹಿಸುವವರ ಮುಖ ಸಪ್ಪಗಿದ್ದರೆ ಅದು ನಿಮ್ಮ ಮೇಲಿನ ಅಪನಂಬಿಕೆಯಲ್ಲ. ಅವರಿಗೂ ಇದು ಹೊಸ ಪಾಠ, ಕಲಿಯಲು ಸ್ವಲ್ಪ ಕಾಲ ಬೇಕು. ಹೊರಡುವ ಮುನ್ನ ಒಂದು ದಿನವನ್ನಾದರೂ ಅವರಿಗೆಂದೇ ತೆಗೆದಿಡಿ. ಅದಕ್ಕೆ ಜಪಾನೇ ಆಗಬೇಕೆಂದಿಲ್ಲ. ಹತ್ತಿರದ ಕೆರೆಯ ದಂಡೆಯೂ ಸಾಕು.

ಹೋಗಿ ಬನ್ನಿ.